ಗಿಟಾರಿನ ಅರಗಿನ ಮೆರುಗು: ದೋಷಗಳೂ ಪರಿಹಾರಗಳೂ



ತನ್ನ ಕೈಯಿಂದಲೇ ಗಿಟಾರನ್ನು ಕಟ್ಟುವವನಿಗೆ ಕಡೆಯ ಪರೀಕ್ಷೆಯು ಮೆರುಗಿನದು. ತಿಂಗಳುಗಟ್ಟಲೆ ಹಲಗೆಗಳನ್ನು ತೆಳುಗೊಳಿಸಿ, ಬಾಗಿಸಿ, ಅಂಟಿಸಿ ಮುಗಿಸಿದ ಶ್ರಮವನ್ನು ಮೆರುಗು ಬೆಳಗಿಸಲೂ ಬಲ್ಲದು, ಮಂಕುಗೊಳಿಸಲೂ ಬಲ್ಲದು. ಅದು ಕೆಟ್ಟಾಗ ಮಾಡತಕ್ಕದ್ದೇನು ಎಂಬುದೇ ಈ ಹೊತ್ತಿನ ವಿಷಯ.

ಅರಗು ನಮ್ಮ ದೇಶಕ್ಕೆ ಹೊಸದಲ್ಲ. ಮುತ್ತುಗ, ಎಲಚಿ ಮೊದಲಾದ ಮರಗಳ ಎಳೆಗೊಂಬೆಗಳ ಮೇಲೆ ಪುಟ್ಟದೊಂದು ಕೀಟವು ಸ್ರವಿಸುವ ರಾಳವಿದು. ಚನ್ನಪಟ್ಟಣದ ಬೊಂಬೆಗಳ ಹೊಳಪು ಇದರದೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಿನ ಕಾವಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ. ಗಿಟಾರು ಮಾಡುವವರಾದರೋ ಅರಗಿನ ಚಕ್ಕೆಗಳನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯಲ್ಲಿ ಸುತ್ತಿದ ಹತ್ತಿಯ ಉಂಡೆಯಿಂದ ಪದರದ ಮೇಲೆ ಪದರವಾಗಿ ತೀಡುತ್ತಾರೆ. ಇದಕ್ಕೆ ಫ್ರೆಂಚ್ ಪಾಲಿಷ್ ಎಂದು ಹೆಸರು.

ಇಷ್ಟು ಶ್ರಮವೇಕೆಂದು ಕೇಳಬಹುದು. ಸ್ಪೇನಿನ ಆಂಟೋನಿಯೋ ದೆ ಟೋರೆಸ್ (1817–1892) ಎಂಬ ಪ್ರಸಿದ್ಧ ಶಿಲ್ಪಿಯು 1862ರಲ್ಲಿ ಒಂದು ಗಿಟಾರಿನ ಬೆನ್ನನ್ನೂ ಪಕ್ಕೆಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಮೇಲುಹಲಗೆಯನ್ನು ಮಾತ್ರ ಮರದಿಂದಲೇ ಮಾಡಿದನು. ನಾದಕ್ಕೆ ಮುಖ್ಯಸ್ಥಾನವು ಮೇಲುಹಲಗೆಯೇ ಎಂಬುದನ್ನು ಅದು ತೋರಿಸಿತು. ಎರಡೂವರೆ ಮಿಲಿಮೀಟರಿನಷ್ಟೂ ದಪ್ಪವಿರದ ಆ ಹಲಗೆಯು ಸ್ವೇಚ್ಛೆಯಾಗಿ ಅದುರಬೇಕಾದರೆ ಅದರ ಹೊದಿಕೆಯು ಅತ್ಯಂತ ತೆಳುವಾಗಿರಬೇಕು. ಆದಕಾರಣ, ದೋಷವನ್ನು ಮುಚ್ಚಲೆಂದು ಮೆರುಗಿನ ಮೇಲೆ ಮೆರುಗನ್ನು ಬಳಿಯುವುದು ನಾದವನ್ನೇ ಮುಚ್ಚಿದಂತೆ.

ಮೊದಲನೆಯ ದೋಷ, ಮೆರುಗು ಒಣಗದೆ ಅಂಟಂಟಾಗಿ ಉಳಿಯುವುದು. ಇದಕ್ಕೆ ಬಹುಮಟ್ಟಿಗೆ ಹಳೆಯ ದ್ರಾವಣವೇ ಕಾರಣ. ಮದ್ಯಸಾರದಲ್ಲಿ ಕರಗಿದ ಅರಗು ಕಾಲಕ್ರಮದಲ್ಲಿ ಅದರೊಡನೆ ರಾಸಾಯನಿಕವಾಗಿ ಕೂಡಿ, ಗಟ್ಟಿಯಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಆರು ತಿಂಗಳು ಕಳೆದ ದ್ರಾವಣವನ್ನು ಪರೀಕ್ಷಿಸದೆ ಬಳಸಕೂಡದು. ಗಾಜಿನ ಮೇಲೆ ಒಂದು ಹನಿಯನ್ನು ಹರಡಿ ರಾತ್ರಿ ಬಿಡಿರಿ. ಬೆಳಗ್ಗೆ ಉಗುರಿನ ಗುರುತು ಆಳವಾಗಿ ಮೂಡಿದರೆ ಅದನ್ನು ಚೆಲ್ಲಬೇಕು. ಅಂಥ ದ್ರಾವಣವನ್ನು ವಾದ್ಯಕ್ಕೆ ಆಗಲೇ ತೀಡಿದ್ದರೆ, ಮದ್ಯಸಾರದಿಂದ ಒರೆಸಿ ತೆಗೆದು, ಹೊಸ ಅರಗಿನಿಂದ ಆರಂಭಿಸುವುದೊಂದೇ ದಾರಿ. ಲೀಟರು ಮದ್ಯಸಾರಕ್ಕೆ ಸುಮಾರು 120ರಿಂದ 240 ಗ್ರಾಮು ಚಕ್ಕೆಗಳು ಸಾಕು.

ಎರಡನೆಯದು ಬಿಳಿಯ ಮಬ್ಬು. ಮಳೆಗಾಲದ ತೇವವೋ ಮದ್ಯಸಾರದಲ್ಲಿ ಬೆರೆತ ನೀರೋ ಇದಕ್ಕೆ ಕಾರಣ. ಒಣಹವೆ ಬರುವ ತನಕ ಕಾದು, ನೀರು ಬೆರೆಯದ ಮದ್ಯಸಾರವನ್ನು ಉಂಡೆಗೆ ತುಸುವೇ ಸೋಕಿಸಿ ಹಗುರವಾಗಿ ಎಳೆದರೆ ಮಬ್ಬು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಮೂರನೆಯದು ಎಣ್ಣೆಯ ಮಂಕು. ಉಂಡೆಯು ಸರಾಗವಾಗಿ ಜಾರಲೆಂದು ಹನಿ ಎಣ್ಣೆಯನ್ನು ಸೋಕಿಸುವುದುಂಟು. ಅದು ಹೆಚ್ಚಾದರೆ ಪದರಗಳ ನಡುವೆ ಸಿಕ್ಕಿ, ಕೆಲವು ದಿನಗಳ ಮೇಲೆ ಬೆವರಿನಂತೆ ಹೊರಬರುತ್ತದೆ. ಬಹುಪಾಲು ಒಣಗಿದ ಉಂಡೆಗೆ ಮದ್ಯಸಾರವನ್ನಷ್ಟೇ ಹಾಕಿ, ಮರದ ಎಳೆಯ ಉದ್ದಕ್ಕೆ ನೇರವಾಗಿ ಎಳೆಯುತ್ತ, ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ತೆಗೆಯಬೇಕು.

ನಾಲ್ಕನೆಯದು, ಪದರವು ಕಿತ್ತು ಬರುವುದು. ಉಂಡೆ ತೀರ ಒದ್ದೆಯಾಗಿದ್ದರೂ, ಚಲಿಸುತ್ತಿದ್ದುದು ಗಳಿಗೆಮಾತ್ರ ನಿಂತರೂ ಹೀಗಾಗುತ್ತದೆ. ಇಲ್ಲಿ ಕೈಯು ತಾನಾಗಿಯೇ ಅದನ್ನು ಸರಿಪಡಿಸಲು ಹೊರಡುತ್ತದೆ, ಅದೇ ಅಪಾಯ. ಆ ಸ್ಥಳವನ್ನು ಮುಟ್ಟದೆ ಒಂದೆರಡು ದಿನ ಬಿಟ್ಟು, ನಯವಾದ ಉಪ್ಪುಕಾಗದದಿಂದ ಸಮಮಾಡಿ, ಆಮೇಲೆ ಮುಂದುವರಿಯತಕ್ಕದ್ದು.

ಐದನೆಯದು ಬೀಟೆಮರಕ್ಕೆ ಸಂಬಂಧಪಟ್ಟದ್ದು. ಬ್ರೆಜಿಲಿನ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ಕಟ್ಟುನಿಟ್ಟಾದ ತಡೆ ಬಿದ್ದಮೇಲೆ, ಗಿಟಾರಿನ ಬೆನ್ನಿಗೂ ಪಕ್ಕೆಗೂ ಭಾರತದ ಬೀಟೆಯೇ ಹೆಚ್ಚಾಗಿ ಸಲ್ಲುತ್ತಿದೆ. ಇದರ ಕೆನ್ನೀಲಿ ಬಣ್ಣವು ಮದ್ಯಸಾರದಲ್ಲಿ ಬಿಟ್ಟುಕೊಂಡು, ಅಂಚಿನ ಬಿಳಿಗೆರೆಗಳಿಗೂ ಮೇಲುಹಲಗೆಗೂ ಹರಿಯುತ್ತದೆ. ತೀಡುವುದಕ್ಕೆ ಮುಂಚೆಯೇ ಆ ಗೆರೆಗಳಿಗೆ ಸಣ್ಣ ಕುಂಚದಿಂದ ತಿಳಿಯರಗನ್ನು ಹಚ್ಚಿ ಒಣಗಿಸಿದರೆ ಕಲೆ ಹತ್ತದು.

ಈ ಪರಿಹಾರಗಳಿಗೆಲ್ಲ ಬುಡದಲ್ಲಿರುವುದು ಅರಗಿನ ಒಂದೇ ಗುಣ. ಒಣಗಿದ ಅರಗು ಮದ್ಯಸಾರ ಸೋಕಿದೊಡನೆ ಮತ್ತೆ ಕರಗುತ್ತದೆ. ಹೊಸ ಪದರವು ಹಳೆಯದರೊಡನೆ ಬೆರೆತು ಒಂದಾಗುತ್ತದೆ. ಬಿಸಿಲಿಗೂ ಬೆವರಿಗೂ ಅರಗು ಬೇಗ ಸೋಲುತ್ತದೆ, ನಿಜ. ಆದರೆ ಅಷ್ಟೇ ಸುಲಭವಾಗಿ ದುರಸ್ತಿಗೂ ಒಳಪಡುತ್ತದೆ. ಇದನ್ನು ಮರೆತು, ಮಬ್ಬು ಕಂಡೊಡನೆ ಕೆರೆದುಹಾಕುವವರುಂಟು. ಕೆರೆದಾಗ ಮೆರುಗಿನೊಡನೆ ಮರವೂ ಹೋಗುತ್ತದೆ. ಹಳೆಯ ವಾದ್ಯವಾದರೆ, ಅದನ್ನು ಮಾಡಿದವನ ಕೈಗೆಲಸದ ಗುರುತೇ ಅಳಿಸಿಹೋಗುತ್ತದೆ. ಅದನ್ನು ಮರಳಿ ತರಲು ಯಾರಿಂದಲೂ ಆಗದು.

ರೋಗದ ಕಾರಣವನ್ನು ಕಂಡುಹಿಡಿಯುವುದಕ್ಕೆ ನಮ್ಮ ವೈದ್ಯರು ನಿದಾನವೆಂದರು; ಆತುರಪಡದಿರುವುದಕ್ಕೆ ಜನರು ನಿಧಾನವೆಂದರು. ಅರಗಿನ ಕೆಲಸದಲ್ಲಿ ಮೊದಲನೆಯದು ದೊರೆಯುವುದು ಎರಡನೆಯದರಿಂದಲೇ. ಮೆರುಗು ಕೆಟ್ಟಿತೆಂದು ಕಂಡಾಗ ಉಂಡೆಯನ್ನು ಮುಚ್ಚಳವಿರುವ ಸೀಸೆಯೊಳಗಿರಿಸಿ, ಒಂದು ರಾತ್ರಿ ಕಾಯಿರಿ. ಬೆಳಗಿನ ಓರೆಬೆಳಕಿನಲ್ಲಿ ಹಲಗೆಯನ್ನು ಮತ್ತೆ ನೋಡಿದಾಗ, ದೋಷವು ತೇವದ್ದೋ ಎಣ್ಣೆಯದೋ ಕೈಯದೋ ಎಂಬುದು ಬಹುಮಟ್ಟಿಗೆ ತಾನಾಗಿಯೇ ಗೋಚರಿಸುತ್ತದೆ.