ಕೆಲಸ ಮಾಡುವ ಕೈಗಳ ಫೋಟೋ ಎಲ್ಲಿದೆ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಗೋಡೆಯ ಮೇಲೆ, ಟ್ರಂಕಿನಲ್ಲಿ, ಮೊಬೈಲಿನಲ್ಲಿ ನಿಮ್ಮ ಫೋಟೋ ಯಾವುವು ಇವೆ ಎಂದು ಹುಡುಕಿ ನೋಡಿ. ನಮ್ಮಲ್ಲಿ ಬಹಳ ಹೆಂಗಸರ ಬದುಕಿನಲ್ಲಿ ಮನೆಯವರು ಜೋಪಾನ ಮಾಡುವ ಫೋಟೋಗಳು ಮೂರೇ. ಮೊದಲನೆಯದು, ಗಂಡಿನ ಕಡೆಯವರಿಗೆ ಕಳಿಸಲಿಕ್ಕೆಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಎರಡನೆಯದು ಮದುವೆಯ ಆಲ್ಬಂ. ಅದರಲ್ಲಿ ಮುಖಕ್ಕಿಂತ ಕತ್ತಿನ ಚಿನ್ನವೇ ಹೆಚ್ಚು ಕಾಣುತ್ತದೆ. ಮೂರನೆಯದು, ಸತ್ತ ಮೇಲೆ ಹಾರ ಹಾಕುವುದು. ಕೆಲವರ ಫೋಟೋ ಅದಕ್ಕೂ ಮೊದಲು ಪತ್ರಿಕೆಯಲ್ಲಿ ಬರುತ್ತದೆ, ‘ಗೃಹಿಣಿಯ ಅನುಮಾನಾಸ್ಪದ ಸಾವು’ ಎಂಬ ಸುದ್ದಿಯ ಪಕ್ಕದಲ್ಲಿ. ಅಲ್ಲಿ ಹಾಕುವುದೂ ಮದುವೆ ಆಲ್ಬಮ್ಮಿನಿಂದ ಕತ್ತರಿಸಿದ ಅದೇ ಮುಖ.

ಈ ಮೂರರಲ್ಲಿ ಒಂದರಲ್ಲೂ ನಾವು ಕೆಲಸ ಮಾಡುತ್ತಿಲ್ಲ. ಮೂರರಲ್ಲೂ ಸುಮ್ಮನೆ ನಿಂತಿದ್ದೇವೆ, ಯಾರೋ ನೋಡುತ್ತಿದ್ದಾರೆ. ಇದು ಸಣ್ಣ ಮಾತಲ್ಲ. ವರದಕ್ಷಿಣೆ ನಿಂತಿರುವುದೇ ಒಂದು ಸುಳ್ಳಿನ ಮೇಲೆ. ಹೆಣ್ಣು ಕೂತು ಉಣ್ಣುವವಳು, ಅವಳನ್ನು ಸಾಕುವ ಭಾರ ಹೊರುವವರಿಗೆ ಏನಾದರೂ ಕೊಡಬೇಕು ಎಂಬ ಸುಳ್ಳು. ಈ ಸುಳ್ಳಿಗೆ ಎದುರುತ್ತರ ಕೊಡಲಿಕ್ಕೆ ಫೋಟೋ ನಮಗೆ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಹೇಳಲು ನಾನು ಇಲ್ಲಿಗೆ ಬಂದಿದ್ದೇನೆ.

ಒಂದು ಫೋಟೋ ಒಂದು ಗಳಿಗೆಯನ್ನು ಮಾತ್ರ ತೋರಿಸುತ್ತದೆ. ಹತ್ತು ಫೋಟೋಗಳನ್ನು ಒಂದರ ಪಕ್ಕ ಒಂದಿಟ್ಟು, ಪ್ರತಿಯೊಂದರ ಕೆಳಗೆ ಎರಡೆರಡು ಸಾಲು ಬರೆದರೆ ಅದು ಕಥೆ ಹೇಳುತ್ತದೆ. ಒಂದು ಕೇರಿಯ ಕಥೆ, ಒಂದು ಕಸುಬಿನ ಕಥೆ, ಒಬ್ಬಳ ದಿನದ ಕಥೆ. ಇದನ್ನೇ ಫೋಟೋ ಲೇಖನ ಎನ್ನುತ್ತಾರೆ. ಓದು ಬಾರದ ಅಜ್ಜಿಯೂ ಅದನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ.

ಪತ್ರಕರ್ತ ಪಿ. ಸಾಯಿನಾಥ್ ಅವರು 1993ರಿಂದ 2002ರವರೆಗೆ ಹತ್ತು ರಾಜ್ಯಗಳ ಹಳ್ಳಿಗಳಲ್ಲಿ ದುಡಿಯುವ ಹೆಂಗಸರ ಫೋಟೋ ತೆಗೆದರು. ‘ಕಾಣುವ ಕೆಲಸ, ಕಾಣದ ಹೆಂಗಸರು’ ಎಂಬ ಅರ್ಥದ ಹೆಸರಿಟ್ಟು ಅವುಗಳ ಪ್ರದರ್ಶನ ಮಾಡಿದರು. ದೊಡ್ಡ ಊರಿನ ಕಲಾ ಗ್ಯಾಲರಿಗಳಿಗೆ ಅಷ್ಟಕ್ಕೇ ಬಿಡದೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕಾರ್ಖಾನೆ, ಕೃಷಿ ಕೂಲಿಕಾರರ ಸಭೆ ಇಂಥ ಕಡೆಗೆಲ್ಲ ಆ ಫೋಟೋಗಳನ್ನು ಒಯ್ದರು. 2014ರಲ್ಲಿ ಅವರು ಆರಂಭಿಸಿದ ‘ಪರಿ’ ಎಂಬ ಗ್ರಾಮೀಣ ಭಾರತದ ಜನಸಂಗ್ರಹದಲ್ಲಿ ಈಗ ಅವನ್ನು ನೋಡಬಹುದು. ಅದರಲ್ಲಿ ಒಂದು ಚಿತ್ರ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಜಮೀನಿನ ಒಡೆಯ ನೆಟ್ಟಗೆ ನಿಂತು ಕ್ಯಾಮರಾ ನೋಡುತ್ತಿದ್ದಾನೆ. ಅವನ ಗದ್ದೆಯಲ್ಲಿ ಕೂಲಿ ಹೆಂಗಸರು ಸಾಲಾಗಿ ಬಗ್ಗಿದ್ದಾರೆ. ಅವನು ಕೊಡುತ್ತೇನೆಂದು ಹೇಳಿದ ಕೂಲಿಗಿಂತ ಅವರ ಕೈಗೆ ಬಂದದ್ದು ಕಡಿಮೆ. ನೆಟ್ಟಗೆ ನಿಂತವನು ಯಾರು, ಬಗ್ಗಿದವರು ಯಾರು? ಇದಕ್ಕಿಂತ ದೊಡ್ಡ ಭಾಷಣ ಬೇಕೇ?

ಮನೆಯೊಳಗಿನ ದುಡಿಮೆಯಂತೂ ಇನ್ನೂ ಕಾಣದ್ದು. ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರು 97 ನಿಮಿಷ ಎಂದು ತಿಳಿಯಿತು. ಅಂದರೆ ನಮ್ಮದು ಸುಮಾರು ಐದು ಗಂಟೆ. ಅಡುಗೆ, ಮುಸುರೆ, ಬಟ್ಟೆ. ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. ಇಷ್ಟಾದರೂ ‘ನಿಮ್ಮ ಹೆಂಡತಿ ಏನು ಮಾಡುತ್ತಾರೆ?’ ಎಂದು ಕೇಳಿದರೆ ಬರುವ ಉತ್ತರ, ‘ಏನಿಲ್ಲ, ಮನೇಲೇ ಇದ್ದಾಳೆ.’

ನನ್ನ ಊರು ಕರಾವಳಿ ಕಡೆ. ನಮ್ಮದು ಬೀಡಿ ಕಟ್ಟುವ ಮನೆ. ನಮ್ಮ ಸಂಘದವರು ಸೇರಿ ಮೊಬೈಲಿನಲ್ಲೇ ತೆಗೆದ ಫೋಟೋಗಳಿಂದ ಒಂದು ಲೇಖನ ಮಾಡಿದೆವು. ಅದರ ಕ್ರಮ ಹೇಳುತ್ತೇನೆ, ಕೇಳಿ. ಒಂದು, ನೀರಿನಲ್ಲಿ ನೆನೆಹಾಕಿದ ಎಲೆಯ ಕಟ್ಟು. ಎರಡು, ಕತ್ತರಿ ಹಿಡಿದು ಎಲೆ ಕತ್ತರಿಸುವ ಕೈ. ಮೂರು, ಮಡಿಲಲ್ಲಿ ಮೊರ, ಮೊರದಲ್ಲಿ ತಂಬಾಕು, ಪಕ್ಕದಲ್ಲಿ ಮಲಗಿದ ಮಗು. ನಾಲ್ಕು, ದೀಪದ ಕೆಳಗೆ ನೂಲು ಸುತ್ತುತ್ತಿರುವ ತಾಯಿ ಮಗಳು, ಗೋಡೆ ಗಡಿಯಾರದಲ್ಲಿ ರಾತ್ರಿ ಹತ್ತೂವರೆ. ಐದು, ಬ್ರಾಂಚಿನ ಮುಂದೆ ಹೆಂಗಸರ ಸಾಲು. ಆರು, ಸರಿಯಿಲ್ಲವೆಂದು ಪಕ್ಕಕ್ಕೆ ತೆಗೆದಿಟ್ಟ ಬೀಡಿಗಳ ರಾಶಿ; ಅದಕ್ಕೆ ದುಡ್ಡಿಲ್ಲ. ಏಳು, ಲೆಕ್ಕದ ಪುಸ್ತಕ. ಎಂಟು, ಚಿನ್ನದಂಗಡಿಯ ರಸೀತಿ. ಒಂಬತ್ತು, ಮದುವೆಯ ಫೋಟೋ. ಹತ್ತು, ಅದೇ ಚಿನ್ನವನ್ನು ಗಂಡ ಅಡವಿಟ್ಟ ಚೀಟಿ.

ಹತ್ತನ್ನೂ ಸಾಲಾಗಿ ನೋಡಿದ ಮೇಲೆ ಒಬ್ಬ ಹಿರಿಯರು ತಲೆ ತಗ್ಗಿಸಿ ಹೇಳಿದರು, “ಮಗಳಿಗೆ ನಾನು ಚಿನ್ನ ಹಾಕಿದೆ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಹಾಕಿಕೊಂಡದ್ದು ಅವಳೇ.” ಹೌದು, ನಮ್ಮ ಕಡೆ ಎಷ್ಟೋ ಹುಡುಗಿಯರು ತಮ್ಮ ವರದಕ್ಷಿಣೆಯನ್ನು ತಾವೇ ಕಟ್ಟಿದ್ದಾರೆ, ಬೀಡಿ ಲೆಕ್ಕದಲ್ಲಿ. ನಾನೂ ಕಟ್ಟಿದ್ದೇನೆ. ನಾವು ಎಷ್ಟೋ ವರ್ಷ ಬಾಯಲ್ಲಿ ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ.

ಆದರೆ ಇನ್ನೊಂದು ಮಾತಿದೆ. ಫೋಟೋ ನಮಗೆ ಅನ್ಯಾಯವನ್ನೂ ಮಾಡಬಹುದು. ನಮ್ಮ ಪ್ರದರ್ಶನ ಸಿದ್ಧವಾಗುತ್ತಿದ್ದಾಗ ಸಂಘದ ಒಬ್ಬ ತಂಗಿ ಏಟು ತಿಂದು ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು, ತುಟಿ ಒಡೆದಿತ್ತು. ‘ಈ ಮುಖದ ಫೋಟೋವನ್ನೇ ಮೊದಲು ಹಾಕೋಣ, ಜನಕ್ಕೆ ತಟ್ಟುತ್ತದೆ’ ಎಂದವರು ನಮ್ಮೊಳಗೇ ಇದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವಳು ಕೇಳಿದಳು, “ಅಕ್ಕಾ, ಆಮೇಲೆ ಬಸ್ಸಿನಲ್ಲಿ, ಅಂಗಡಿಯಲ್ಲಿ ನನ್ನನ್ನು ಕಂಡವರೆಲ್ಲ ಹೊಡೆಸಿಕೊಂಡವಳು ಅಂತಲೇ ಗುರುತು ಹಿಡಿಯುವುದಲ್ಲವಾ? ನನ್ನ ಕೈ ಹಾಕಿ. ಕೆಲಸ ಮಾಡಿದ್ದು ಅದು.” ನಾವು ನಾಚಿಕೊಂಡೆವು. ಆಗಲೇ ಹೇಳಿದ ಎರಡನೆಯ ಚಿತ್ರದ ಕೈ ಅವಳದು. ಹತ್ತನೆಯ ಚೀಟಿಯೂ ಅವಳದೇ, ಹೆಸರು ಮುಚ್ಚಿ ಹಾಕಿದೆವು.

ಈ ಪಾಠವನ್ನು ದೆಹಲಿಯಲ್ಲಿ ಒಬ್ಬ ಛಾಯಾಗ್ರಾಹಕಿ ನಮಗಿಂತ ಬಹಳ ಮೊದಲೇ ಕಲಿತಿದ್ದರು. ಅವರ ಹೆಸರು ಶೀಬಾ ಛಾಛಿ. 1980ರ ದಶಕದಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ಬೀದಿಗಿಳಿದ ಹೆಂಗಸರ ನಡುವೆ ಇದ್ದುಕೊಂಡೇ ಅವರ ಫೋಟೋ ತೆಗೆದವರು. ಆ ಹೆಂಗಸರಲ್ಲಿ ಸತ್ಯರಾಣಿ ಛಡ್ಡಾ ಒಬ್ಬರು. 1979ರಲ್ಲಿ ಅವರ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಬಸುರಿ. ಆ ತಾಯಿ ಮೂರು ದಶಕಕ್ಕೂ ಹೆಚ್ಚು ಕಾಲ ನ್ಯಾಯಾಲಯ ಅಲೆದರು. ಅವರಂತೆಯೇ ಮಗಳನ್ನು ಕಳೆದುಕೊಂಡ ಶಾಹಜಹಾನ್ ಆಪಾ ಜೊತೆಗೂಡಿ, ನೊಂದ ಹೆಂಗಸರಿಗೆ ಆಸರೆಯಾಗುವ ‘ಶಕ್ತಿ ಶಾಲಿನಿ’ಯನ್ನು 1987ರಲ್ಲಿ ಕಟ್ಟಿದರು. 2014ರಲ್ಲಿ ತೀರಿಕೊಂಡರು. 1983ರಲ್ಲಿ ಗಂಡನ ಮನೆಯವರ ಕ್ರೌರ್ಯ ಅಪರಾಧವೆಂದು ಕಾನೂನು ಬಂತಲ್ಲ, 1986ರಲ್ಲಿ ವರದಕ್ಷಿಣೆ ಸಾವಿಗೆ ಪ್ರತ್ಯೇಕ ಕಲಮು ಬಂತಲ್ಲ, ಅವು ಇಂಥವರ ಕೂಗಿನಿಂದ ಬಂದವು. 2024ರ ಜುಲೈಯಿಂದ ಕಾನೂನಿನ ಹೆಸರು ಭಾರತೀಯ ನ್ಯಾಯ ಸಂಹಿತೆ ಎಂದಾಗಿದೆ, ಆ ಅಪರಾಧಗಳು ಅಲ್ಲಿಯೂ ಇವೆ.

ಪ್ರತಿಭಟನೆಯ ಫೋಟೋಗಳಲ್ಲಿ ಈ ಹೆಂಗಸರು ಘೋಷಣೆ ಕೂಗುವವರಾಗಿ ಮಾತ್ರ ಉಳಿದುಬಿಡುತ್ತಾರೆ ಎಂದು ಛಾಛಿ ಅವರಿಗೆ ಕಾಡತೊಡಗಿತು. 1990ರ ಹೊತ್ತಿಗೆ ಅವರು ಮತ್ತೆ ಆ ಗೆಳತಿಯರ ಬಳಿ ಹೋದರು. ಎಲ್ಲಿ ಕೂರಬೇಕು, ಹೇಗೆ ಕೂರಬೇಕು, ಪಕ್ಕದಲ್ಲಿ ಯಾವ ವಸ್ತು ಇರಬೇಕು ಎಂಬುದನ್ನು ಅವರೊಡನೆ ಕೂತೇ ನಿರ್ಧರಿಸಿದರು. ಸತ್ಯರಾಣಿ ಅವರ ಫೋಟೋ ಸುಪ್ರೀಂ ಕೋರ್ಟಿನ ಬಳಿ ತೆಗೆದದ್ದು. ಏಳು ಹೆಂಗಸರ ಆ ಚಿತ್ರಮಾಲೆಗೆ ‘ಏಳು ಬದುಕು, ಒಂದು ಕನಸು’ ಎಂಬ ಅರ್ಥದ ಹೆಸರಿದೆ.

ಆದ್ದರಿಂದ ನೀವು ಫೋಟೋ ಲೇಖನ ಮಾಡುವಾಗ ಕೆಲವು ವಿಷಯ ನೆನಪಿಡಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ತೆಗೆದ ಮೇಲೆ ಅವರಿಗೇ ಮೊದಲು ತೋರಿಸಿ, ಕೆಳಗೆ ಬರೆಯುವ ಮಾತನ್ನು ಓದಿ ಹೇಳಿ. ಇವತ್ತು ಹ್ಞೂ ಎಂದವಳು ನಾಳೆ ಬೇಡವೆಂದರೆ ತೆಗೆದುಬಿಡಿ. ವಾಟ್ಸಾಪಿಗೆ ಹಾಕಿದ್ದನ್ನು ಹಿಂದಕ್ಕೆ ತರುವುದು ಕಷ್ಟ, ಆದ್ದರಿಂದ ಹಾಕುವ ಮೊದಲೇ ಯೋಚಿಸಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಿಟ್ಟುಕೊಡುವುದು ಕಾನೂನಿನಲ್ಲೇ ತಪ್ಪು.

ಗಾಯದ ಫೋಟೋ ತೆಗೆಯಲೇಬೇಡಿ ಎಂದು ನಾನು ಹೇಳುತ್ತಿಲ್ಲ. ತೆಗೆಯಿರಿ, ಆದರೆ ಅದು ಪ್ರದರ್ಶನಕ್ಕಲ್ಲ, ಸಾಕ್ಷಿಗೆ. ಮುಖವೂ ಗಾಯವೂ ಕಾಣುವಂತೆ ಒಂದು, ಗಾಯದ ಹತ್ತಿರದಿಂದ ಒಂದು. ತಾರೀಖು ಬರೆದಿಡಿ. ಮೊಬೈಲಿನ ಮೂಲ ಫೋಟೋ ಅಳಿಸಬೇಡಿ, ನಂಬಿಕೆಯ ಇನ್ನೊಬ್ಬರಿಗೂ ಕಳಿಸಿಡಿ. ಆಸ್ಪತ್ರೆಗೆ ಹೋಗಿ ಗಾಯ ಹೇಗಾಯಿತು ಎಂಬುದನ್ನು ದಾಖಲೆ ಮಾಡಿಸಿ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆಯ ಪ್ರಕಾರ ಸಂರಕ್ಷಣಾಧಿಕಾರಿಗೆ ದೂರು ಕೊಡುವಾಗ ಇವೆಲ್ಲ ಬೇಕಾಗುತ್ತವೆ. ತುರ್ತು ಇದ್ದರೆ 181ಕ್ಕೆ ಫೋನ್ ಮಾಡಿ.

ಗೆಳತಿಯರೇ, ವಾರಕ್ಕೊಮ್ಮೆ ನಾವು ಉಳಿತಾಯದ ಪುಸ್ತಕ ಬಿಚ್ಚುತ್ತೇವೆ. ಒಂದೊಂದು ರೂಪಾಯಿಗೂ ಲೆಕ್ಕ ಬರೆಯುತ್ತೇವೆ. ದುಡಿಮೆಗೆ ಮಾತ್ರ ಲೆಕ್ಕವಿಲ್ಲ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದೊಂದು ಫೋಟೋ ತನ್ನಿ, ನಿಮ್ಮ ಕೈ ಕೆಲಸ ಮಾಡುತ್ತಿರುವುದು. ಗೋಡೆಗೆ ಸಾಲಾಗಿ ಅಂಟಿಸೋಣ. ಆಮೇಲೆ ಗಂಡಸರನ್ನೂ, ಮದುವೆಗೆ ಬಂದ ಗಂಡುಮಕ್ಕಳ ತಾಯಂದಿರನ್ನೂ ಕರೆದು ಆ ಗೋಡೆಯ ಮುಂದೆ ನಿಲ್ಲಿಸಿ ಕೇಳೋಣ: ಇದರಲ್ಲಿ ಭಾರವಾಗಿರುವವಳು ಯಾರು, ತೋರಿಸಿ.