ಮನೆಯಲ್ಲಿ ಅಕ್ಷರಾಭ್ಯಾಸ



ಈ ವಿನೋಬನಗರದ ಮನೆಗಳಿಗೆ ನಾವು ಪಾದಪೂಜೆಗೆ ದಯಮಾಡಿಸಿದಾಗಲೆಲ್ಲ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: "ಬುದ್ಧೀ, ಮಗುವಿಗೆ ಮೂರು ತುಂಬಿತು, ಅ ಆ ಇ ಈ ತಿದ್ದಿಸಬಹುದೇ?" ಅವಶ್ಯವಾಗಿ ತಿದ್ದಿಸಿರಿ. ಆದರೆ ಮೊದಲು ನುಡಿಸಿರಿ, ಆಮೇಲೆ ತಿದ್ದಿಸಿರಿ.

ನಮ್ಮ ವರ್ಣಮಾಲೆ ಮನಬಂದಂತೆ ಪೋಣಿಸಿದ ಸರವಲ್ಲ. ಕ ಹುಟ್ಟುವುದು ಕಂಠದಲ್ಲಿ, ಚ ತಾಲುವಿನಲ್ಲಿ, ಟ ಮೂರ್ಧದಲ್ಲಿ, ತ ಹಲ್ಲಿನಲ್ಲಿ, ಪ ತುಟಿಯಲ್ಲಿ. ಒಳಗಿನಿಂದ ಹೊರಗೆ ಹೀಗೆ ಐದು ಮೆಟ್ಟಿಲು, ಮೆಟ್ಟಿಲಿಗೆ ಐದರಂತೆ 25 ವರ್ಗೀಯ ವ್ಯಂಜನಗಳು. ಮಗುವಿನ ಬಾಯಿಯ ಮುಂದೆ ಅಂಗೈ ಹಿಡಿದು ಪ ಅನ್ನಿಸಿರಿ, ಫ ಅನ್ನಿಸಿರಿ. ಎರಡನೆಯದಕ್ಕೆ ಉಸಿರು ಕೈಗೆ ತಾಗುತ್ತದೆ. ಮೂಗು ಹಿಡಿದು ಮ ಅನ್ನಿಸಿರಿ, ಬರುವುದಿಲ್ಲ; ಮಗು ನಗುತ್ತದೆ. ಅಕ್ಷರ ಬಾರದ ಅಜ್ಜಿಯೂ ಈ ಪಾಠ ಹೇಳಬಲ್ಲಳು.

ಬರೆಯುವ ಕ್ರಮ ಬೇರೆ. ಈಗಿನ ಒಂದನೆಯ ತರಗತಿಯಲ್ಲಿ ರ ಗ ಸ ದ ಅ ಎಂದು ತೊಡಗುತ್ತಾರೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನಮಗೆ ಮೊದಲು ಇದು ರುಚಿಸಲಿಲ್ಲ. ರ ಬರೆಯಲು ಕಲಿತ ಬೆರಳಿಗೆ ಗ ದೂರವಲ್ಲ ಎಂಬುದು ಆಮೇಲೆ ತಿಳಿಯಿತು. ಕಿವಿಗೊಂದು ಕ್ರಮ, ಕೈಗೊಂದು ಕ್ರಮ.

ಕೈಯ ಮಾತು ಬಂದದ್ದರಿಂದ ನಮ್ಮದೊಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಇದೇ ಬಡಾವಣೆಯ ಒಂದು ಮನೆಯಲ್ಲಿ ಅಕ್ಷರಾಭ್ಯಾಸ. ತಟ್ಟೆಯ ಅಕ್ಕಿಯ ಮೇಲೆ ಮಗು ಎಡಗೈ ಬೆರಳು ಇಟ್ಟಿತು. ನಾವು ಅದನ್ನು ಸರಿಸಿ ಬಲಗೈ ಹಿಡಿದು ಓಂಕಾರ ಬರೆಸಿದೆವು. ಅಷ್ಟೇ. ತಂದೆ ತಾಯಿಗಳು ಅದನ್ನೇ ಅಪ್ಪಣೆಯೆಂದು ತಿಳಿದು, ದಿನವೂ ಎಡಗೈಗೆ ಬಟ್ಟೆ ಸುತ್ತಿ ಸ್ಲೇಟಿನ ಮುಂದೆ ಕೂರಿಸಿದರು. ಹಿಂದೆ ಶಾಲೆಗೆ ಮಠವೆಂದೂ ಕಲಿಸುವವರಿಗೆ ಐಗಳೆಂದೂ ಹೆಸರಿತ್ತು. ಅಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದರು, ಬೆತ್ತವೂ ಇರುತ್ತಿತ್ತು. ನಾವು ಬೆತ್ತವಿಲ್ಲದೆಯೇ ಆ ಕೆಲಸ ಮಾಡಿದ್ದೆವು.

ಮರುವರ್ಷ ಹೋದಾಗ ಮಗು ನಮ್ಮನ್ನು ಕಂಡೊಡನೆ ಅಜ್ಜಿಯ ಸೆರಗಿನಲ್ಲಿ ಅಡಗಿತು. ಸ್ಲೇಟು ಕಂಡರೆ ಅಳುತ್ತದೆ ಎಂದರು. ಆ ಅಜ್ಜಿ, ಶಾಲೆಯ ಮುಖ ಕಾಣದವರು, ಮೆಲ್ಲಗೆ ಕೇಳಿದರು: "ಬುದ್ಧೀ, ಲಿಂಗ ಹಿಡಿಯೋದು ಎಡಗೈಯಾಗೆ ಅಲ್ವಾ? ಲಿಂಗಕ್ಕೆ ಆಗೋ ಕೈ ಅಕ್ಷರಕ್ಕೆ ಯಾಕೆ ಆಗಲ್ಲ?"

ಇಷ್ಟು ಶಾಸ್ತ್ರ ಓದಿದ ನಮ್ಮಲ್ಲಿ ಉತ್ತರವಿರಲಿಲ್ಲ. ಅಕ್ಕಿಯ ತಟ್ಟೆ ತರಿಸಿದೆವು. ನಾವೇ ನೆಲದ ಮೇಲೆ ಕುಳಿತು, ನಮ್ಮ ಎಡಗೈಯಿಂದಲೇ ರ ಬರೆದೆವು. ಅದು ಸೊಟ್ಟಗಾಯಿತು. ಮಗು ಸೆರಗಿನಿಂದ ಇಣುಕಿ ನೋಡಿ ನಕ್ಕಿತು. ಬಹಳ ಹೊತ್ತಿನ ಮೇಲೆ ಹತ್ತಿರ ಬಂದು, ನಮ್ಮ ರ ಅಳಿಸಿ ತಾನೊಂದು ಬರೆಯಿತು. ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ತಿದ್ದಲು ಹೊರಟ ತಂದೆಗೆ ಸುಮ್ಮನಿರಲು ಸನ್ನೆ ಮಾಡಿದೆವು.

ಆ ಹುಡುಗ ಈಗ ಮೂರನೆಯ ತರಗತಿ. ಮೊನ್ನೆ ಮಠಕ್ಕೆ ಬಂದಾಗ ಎಡಗೈಯಿಂದಲೇ ತನ್ನ ಹೆಸರು ಬರೆದು ತೋರಿಸಿದ. ಅಕ್ಷರ ನಮ್ಮದಕ್ಕಿಂತ ದುಂಡಗಿದೆ.