ಎಪ್ಪತ್ತೈದರ ಎಲ್ಗರ್, ಹದಿನಾರರ ಮೆನುಹಿನ್

ಯೆಹೂದಿ ಮೆನುಹಿನ್ ಎಂಬ ಹೆಸರು ಕನ್ನಡಿಗರಿಗೆ ಅಪರಿಚಿತವೇನಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ ಅವರ ಶಿಷ್ಯರಾಗಿ, ಅವರ ಯೋಗಗ್ರಂಥಕ್ಕೆ ಮುನ್ನುಡಿ ಬರೆದವರಾಗಿ ಈ ಪಿಟೀಲು ವಿದ್ವಾಂಸರನ್ನು ಇಲ್ಲಿನ ಅನೇಕರು ಬಲ್ಲರು. ಗುರು ಶಿಷ್ಯರ ಮೊದಲ ಭೇಟಿ ನಡೆದದ್ದು 1952ರಲ್ಲಿ. ಅದಕ್ಕೆ 20 ವರ್ಷ ಮೊದಲೇ, ಇನ್ನೂ 16ರ ಹುಡುಗನಾಗಿದ್ದಾಗ, ಮೆನುಹಿನ್ ಲಂಡನ್ನಿನಲ್ಲಿ ನುಡಿಸಿದ ಒಂದು ಕೃತಿಯ ಧ್ವನಿಮುದ್ರಣ ಸಂಗೀತದ ಚರಿತ್ರೆಯಲ್ಲಿ ಉಳಿದುಕೊಂಡಿದೆ. ಎಡ್ವರ್ಡ್ ಎಲ್ಗರ್ ಅವರ ಪಿಟೀಲು ಕನ್ಸರ್ಟೊ ಆ ಕೃತಿ.

ಕನ್ಸರ್ಟೊ ಎಂದರೆ ಒಬ್ಬ ವಾದಕ ಮತ್ತು ಇಡೀ ವಾದ್ಯವೃಂದ ಎದುರುಬದುರಾಗಿ, ಜೊತೆಜೊತೆಯಾಗಿ ನುಡಿಸುವ ದೀರ್ಘ ಕೃತಿ. 19ನೆಯ ಶತಮಾನದ ರೊಮ್ಯಾಂಟಿಕ್ ಸಂಗೀತಗಾರರು ಇದನ್ನು ಭಾವಪ್ರಧಾನವಾಗಿ ಬೆಳೆಸಿದರು. ಮೆಂಡೆಲ್‌ಸನ್, ಬ್ರೂಕ್, ಬ್ರಾಮ್ಸ್ ಅವರ ಪಿಟೀಲು ಕನ್ಸರ್ಟೊಗಳು ಜಗತ್ಪ್ರಸಿದ್ಧ. 1910ರಲ್ಲಿ ಮೊದಲು ನುಡಿಸಲಾದ ಎಲ್ಗರ್ ಕೃತಿ ಅದೇ ಪರಂಪರೆಯ ಕೊನೆಯ ಕವಲು. ನಮ್ಮ ಕಛೇರಿಗಳಲ್ಲಿರುವಂತೆ ಇಲ್ಲಿ ಮನೋಧರ್ಮಕ್ಕೆ ಎಡೆಯಿಲ್ಲ. ಪ್ರತಿಯೊಂದು ಸ್ವರವನ್ನೂ ರಚನಕಾರ ಬರೆದಿಟ್ಟಿರುತ್ತಾನೆ. ಹಾಗಾದರೆ ವಾದಕನಿಗೆ ಉಳಿಯುವುದೇನು? ಬರೆದದ್ದರ ಒಳಗಿನ ಭಾವವನ್ನು ಕಂಡುಕೊಂಡು ಕೇಳಿಸುವುದು. ನಡುವಯಸ್ಸು ದಾಟಿದವನೊಬ್ಬನ ನೆನಪು, ಹಂಬಲ, ವಿಷಾದ ತುಂಬಿದ ಸಂಗೀತವನ್ನು ಬದುಕು ಕಾಣದ ಬಾಲಕ ಹೇಗೆ ಕೇಳಿಸಿಯಾನು? ಆ ಧ್ವನಿಮುದ್ರಣದ ಮುಂದಿದ್ದ ಪ್ರಶ್ನೆ ಇದೇ.

1916ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬೆಳೆದ ಮೆನುಹಿನ್ ಬಾಲಪ್ರತಿಭೆಯೆಂದು ಅದಾಗಲೇ ಹೆಸರಾಗಿದ್ದ. 1929ರಲ್ಲಿ, 13 ತುಂಬುವ ಮೊದಲೇ, ಬರ್ಲಿನ್ನಿನಲ್ಲಿ ಒಂದೇ ಸಂಜೆ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ಕನ್ಸರ್ಟೊಗಳನ್ನು ನುಡಿಸಿದ್ದ. 1931ರಲ್ಲಿ ಬ್ರೂಕ್ ಅವರ ಕನ್ಸರ್ಟೊವನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಿದ್ದ.

ಎಲ್ಗರ್ ಅವರ ಸ್ಥಿತಿ ಬೇರೆ. ಮೊದಲ ಮಹಾಯುದ್ಧದ ನಂತರ ಅವರ ಸಂಗೀತ ಹಳೆಯ ಕಾಲದ್ದು ಎಂಬ ಮಾತು ಕೇಳಿಬರುತ್ತಿತ್ತು. 1920ರಲ್ಲಿ ಪತ್ನಿ ತೀರಿಕೊಂಡ ಮೇಲೆ ಅವರು ದೊಡ್ಡ ಕೃತಿಯೊಂದನ್ನೂ ಪೂರ್ತಿಗೊಳಿಸಿರಲಿಲ್ಲ. ಪಿಟೀಲು ಕನ್ಸರ್ಟೊವನ್ನು ಅವರು 1916ರಲ್ಲಿ ಮೇರಿ ಹಾಲ್ ಅವರೊಡನೆ ಧ್ವನಿಮುದ್ರಿಸಿದ್ದರು, ನಿಜ. ಆದರೆ ಮೈಕ್ರೊಫೋನಿಲ್ಲದ ಆ ದಿನಗಳಲ್ಲಿ ಕೃತಿಯನ್ನು ಕತ್ತರಿಸಿ ತಟ್ಟೆಯ ನಾಲ್ಕು ಮುಖಗಳಿಗೆ ಇಳಿಸಬೇಕಾಗಿತ್ತು. ಕೃತಿಯನ್ನು ಮೊದಲು ನುಡಿಸಿದ ಮಹಾನ್ ವಾದಕ ಫ್ರಿಟ್ಸ್ ಕ್ರೈಸ್ಲರ್ ಅದನ್ನು ಎಂದೂ ಧ್ವನಿಮುದ್ರಿಸಲಿಲ್ಲ. ಎಲ್ಗರ್ ಅವರೇ ನಿರ್ದೇಶಿಸಿದ ಪೂರ್ಣರೂಪ ಉಳಿಯಬೇಕಾದರೆ ಕಾಲ ಮಿಂಚಿಹೋಗುವ ಮೊದಲೇ ಏನಾದರೂ ಮಾಡಬೇಕಿತ್ತು.

ಅದನ್ನು ಮಾಡಿದವರು ಎಚ್.ಎಂ.ವಿ. ಕಂಪನಿಯ ಫ್ರೆಡ್ ಗೈಸ್‌ಬರ್ಗ್. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡವರೂ ಇವರೇ. ವೃದ್ಧ ರಚನಕಾರರನ್ನೂ ಹದಿಹರೆಯದ ವಾದಕನನ್ನೂ ಕೂಡಿಸುವ ಏರ್ಪಾಡು ಅವರದು. ಎಲ್ಗರ್ ಮುಂದೆ ಹುಡುಗ ಮೊದಲ ಬಾರಿ ನುಡಿಸಿದಾಗ ಐವರ್ ನ್ಯೂಟನ್ ಪಿಯಾನೋದಲ್ಲಿ ಜೊತೆ ನೀಡಿದರು. ಮೆನುಹಿನ್ ಮುಂದೆ ನೆನಪಿಸಿಕೊಂಡಂತೆ, ಕೊಂಚ ನುಡಿಸುವಷ್ಟರಲ್ಲೇ ಎಲ್ಗರ್ ತಡೆದರಂತೆ. ಎಲ್ಲ ಸರಿಯಾಗಿಯೇ ಆಗುತ್ತದೆಂದು ಹೇಳಿ, ಕುದುರೆ ರೇಸಿಗೆ ಹೊರಟೇಬಿಟ್ಟರಂತೆ! ಅದು ಉದಾಸೀನವಲ್ಲ, ನಂಬಿಕೆ. ಹುಡುಗನಿಗೆ ಪಾಠ ಹೇಳುವುದಕ್ಕಿಂತ ಅವನನ್ನು ಅವನ ಪಾಡಿಗೆ ಬಿಡುವುದೇ ಲೇಸೆಂದು ಆ ಹಿರಿಯರಿಗೆ ತೋರಿರಬೇಕು.

1932ರ ಜುಲೈ 14 ಮತ್ತು 15ರಂದು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಕೆಲಸ ನಡೆಯಿತು. ಮುಂದೆ ಬೀಟಲ್ಸ್ ತಂಡದಿಂದ ಮನೆಮಾತಾದ ಈ ಸ್ಟುಡಿಯೋ ಹಿಂದಿನ ವರ್ಷವಷ್ಟೇ ಎಲ್ಗರ್ ಅವರಿಂದಲೇ ಉದ್ಘಾಟನೆಗೊಂಡಿತ್ತು. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಅಂದು ಎಲ್ಗರ್ ಅವರ ನಿರ್ದೇಶನದಲ್ಲಿ ನುಡಿಸಿತು.

ಅಂದಿನ ಧ್ವನಿಮುದ್ರಣ ಇಂದಿನಷ್ಟು ಸಲೀಸಾಗಿರಲಿಲ್ಲ. ಈಗ ತಪ್ಪಿದ ಒಂದು ಸ್ವರವನ್ನು ಮಾತ್ರ ತೆಗೆದು ಸರಿಯಾದುದನ್ನು ಸೇರಿಸಬಹುದು. ಅಂದು ನಾದ ನೇರವಾಗಿ ಮೇಣದ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯಲ್ಪಡುತ್ತಿತ್ತು. ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದುದು ಸುಮಾರು ನಾಲ್ಕೂವರೆ ನಿಮಿಷ. ತಪ್ಪಾದರೆ ಆ ಮುಖವನ್ನೇ ಮೊದಲಿನಿಂದ ನುಡಿಸಬೇಕು. ಸುಮಾರು 50 ನಿಮಿಷಗಳ ಈ ಕನ್ಸರ್ಟೊ ಆರು ತಟ್ಟೆಗಳ 12 ಮುಖಗಳಲ್ಲಿ ಹರಡಿತು. ಪ್ರತಿ ಮುಖ ಮುಗಿದಾಗಲೂ ನಿಲ್ಲಿಸಿ, ಮುಂದಿನದನ್ನು ಅದೇ ಕಾಲಪ್ರಮಾಣದಲ್ಲಿ, ಅದೇ ಭಾವದಲ್ಲಿ ಎತ್ತಿಕೊಳ್ಳಬೇಕು. 16ರ ಹುಡುಗ ಆ ಎಳೆ ಕಡಿಯದಂತೆ ಕೊನೆಮುಟ್ಟಿಸಿದ.

ಅದೇ ನವೆಂಬರಿನಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ, 1933ರಲ್ಲಿ ಪ್ಯಾರಿಸಿನಲ್ಲಿ ಇಬ್ಬರೂ ಕೂಡಿ ಈ ಕೃತಿಯನ್ನು ಕೇಳಿಸಿದರು. 1934ರ ಫೆಬ್ರುವರಿ 23ರಂದು ಎಲ್ಗರ್ ತೀರಿಕೊಂಡರು. ಧ್ವನಿಮುದ್ರಣ ಎರಡು ವರ್ಷ ತಡವಾಗಿದ್ದರೂ ಅದು ಆಗುತ್ತಿರಲಿಲ್ಲ. ಮೆನುಹಿನ್ 1960ರ ದಶಕದಲ್ಲಿ ಏಡ್ರಿಯನ್ ಬೌಲ್ಟ್ ಅವರ ನಿರ್ದೇಶನದಲ್ಲಿ ಇದನ್ನು ಮತ್ತೊಮ್ಮೆ ಧ್ವನಿಮುದ್ರಿಸಿದರು. ಹಾಗಿದ್ದರೂ ರಸಿಕರು ಹುಡುಕಿಕೊಂಡು ಹೋಗುವುದು ಆ ಹಳೆಯದನ್ನೇ. ಹಳೆಯ ತಟ್ಟೆಗಳು ಮೊದಲು ಎಲ್.ಪಿ.ಗೆ, ಆಮೇಲೆ ಸಿ.ಡಿ.ಗೆ ಬಂದು ಇಂದಿಗೂ ಕೇಳಲು ದೊರೆಯುತ್ತಿವೆ.

ಇಡೀ ಕೃತಿ ಕೇಳಲು ಬಿಡುವಿಲ್ಲದವರು ಮೂರನೆಯ ಭಾಗದ ಕೊನೆಯ ಹೊತ್ತನ್ನಾದರೂ ಕೇಳಬೇಕು. ಇಂಥ ಕಡೆ ವಾದ್ಯವೃಂದವನ್ನು ಸುಮ್ಮನಾಗಿಸಿ, ಪಿಟೀಲು ಒಂದೇ ತನ್ನ ಚಮತ್ಕಾರ ಮೆರೆಯುವುದು ವಾಡಿಕೆ. ಎಲ್ಗರ್ ಇಲ್ಲಿ ಬೇರೊಂದು ದಾರಿ ಹಿಡಿದರು. ವಾದ್ಯವೃಂದದ ಪಿಟೀಲುಗಾರರು ಕಮಾನು ಬಿಟ್ಟು ತಂತಿಗಳನ್ನು ಬೆರಳುಗಳಿಂದ ಮೆಲ್ಲಗೆ ಸವರುತ್ತಾರೆ. ದೂರದ ಎಲೆಗಳ ಮರ್ಮರದಂಥ ಆ ಸದ್ದಿನ ಮೇಲೆ, ಮೊದಲ ಭಾಗದಲ್ಲಿ ಕೇಳಿದ್ದ ಎಳೆಗಳನ್ನು ಒಂಟಿ ಪಿಟೀಲು ಒಂದೊಂದಾಗಿ ನೆನಪಿಸಿಕೊಳ್ಳುತ್ತದೆ. ಹುಡುಗ ಅಲ್ಲಿ ಅವಸರಪಡುವುದಿಲ್ಲ. ಬದುಕು ಕಾಣದವನು ಇದನ್ನು ಹೇಗೆ ನುಡಿಸಿಯಾನು ಎಂಬ ಪ್ರಶ್ನೆಗೆ ಆ ಕೆಲವು ನಿಮಿಷಗಳಲ್ಲೇ ಉತ್ತರವಿದೆ.